ಉಸಿರಾಡಬಹುದು, ಮಾತಾಡಬಾರದು

"ಇನ್ನು ಒಂದು ನಿಮಿಷ ಅಲ್ಲಾಡದೆ ನಿಂತುಕೊಳ್ಳಿ. ಉಸಿರಾಡಬಹುದು, ಮಾತಾಡಬಾರದು," ಅಂದಳು ಕಾಯ್ಸಾ.

ಎದುರಿಗಿದ್ದವನ ಕಿವಿಯ ತುದಿ ಕೆಂಪಾಯಿತು. ಅಷ್ಟು ಹೊತ್ತು ಅದಿರಿನ ಹಡಗು, ಅಡುಗೆಯವನ ಬೈಗುಳ, ಅಲೆಯೆದ್ದ ದಿನ ಸೂಪಿನ ಪಾತ್ರೆ ತಲೆಗೆ ಹಾರಿ ಬಂದದ್ದು ಅಂತ ಬಿಡುವಿಲ್ಲದೆ ಹೇಳುತ್ತಿದ್ದ ಮನುಷ್ಯ ಈಗ ಮೇಷ್ಟ್ರು ಮೂಲೆಯಲ್ಲಿ ನಿಲ್ಲಿಸಿದ ಹುಡುಗನ ಹಾಗೆ ಕೈ ಕಟ್ಟಿ ನಿಂತ. ಕಾಯ್ಸಾ ತುಟಿಯ ಮೇಲೆ ಬೆರಳಿಟ್ಟು ಅವನನ್ನೇ ನೋಡಿದಳು. ನೋಡುತ್ತಲೇ ಇರಬೇಕು. ಕಣ್ಣು ತಪ್ಪಿಸಿದರೆ ಜನ ಕುರ್ಚಿ ಕಿರುಗುಟ್ಟಿಸುತ್ತಾರೆ, ಮೂಗು ಎಳೆಯುತ್ತಾರೆ.

ಡುಲೂತ್ ಅನ್ನುವ ಬಂದರು ಊರಿನ ಲೈಬ್ರರಿಯ ಮೇಲ್ಮಹಡಿಯ ಪುಟ್ಟ ಕೋಣೆ ಅದು. ಚಳಿಗಾಲ. ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ, ಹಡಗುಗಳೆಲ್ಲ ದಡಕ್ಕೆ ಕಟ್ಟಿಸಿಕೊಂಡು ಮಲಗಿದ್ದವು. ಹಡಗಿನವರಿಗೆ ಬಿಡುವಿರುವ ಈ ದಿನಗಳಲ್ಲೇ ಕಾಯ್ಸಾ ಅವರನ್ನು ಕರೆಸಿ, ಕಾಫಿ ಕೊಟ್ಟು, ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಳು. ಅದು ಅವಳ ಕೆಲಸ.

ಬೆರಳು ಇಳಿದದ್ದೇ ತಡ, ಅವನು ಕೇಳಿದ, "ನಾನೇನಾದರೂ ತಪ್ಪು ಮಾತಾಡಿದೆನಾ?"

"ಇಲ್ವಲ್ಲ."

"ಮತ್ತೆ ಹಾಗೆ ದುರುಗುಟ್ಟಿಕೊಂಡು ನೋಡಿದಿರಿ? ಸೂಪಿನ ಕಥೆ ಸುಳ್ಳು ಅಂತ ಗೊತ್ತಾಗಿಹೋಯ್ತು ಅಂದ್ಕೊಂಡೆ."

"ಸುಳ್ಳಾ ಅದು?"

"ಪಾತ್ರೆ ಹಾರಿದ್ದು ನಿಜ. ತಲೆ ನನ್ನದಲ್ಲ."

ಕಾಯ್ಸಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ವಿವರಿಸಿದಳು. ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದೆ. ಇಲ್ಲಿ ಹೀಟರಿನ ಗೊರಗೊರ, ಕೆಳಗೆ ಬಾಗಿಲು ತೆಗೆದಾಗಿನ ಗಾಳಿ, ನಿಂತವರ ಉಸಿರು. ಮಾತಿನ ನಡುವೆ ಎಲ್ಲಾದರೂ ಕತ್ತರಿ ಹಾಕಿದರೆ ಆ ಜಾಗ ಹಳ್ಳದ ಹಾಗೆ ಬಾಯಿ ಬಿಟ್ಟುಕೊಳ್ಳುತ್ತದೆ. ಆಗ ಇದೇ ಕೋಣೆಯ ಮೌನವನ್ನು ತಂದು ಅಲ್ಲಿ ತೇಪೆ ಹಾಕಬೇಕು. ಅದಕ್ಕೇ ಮುದ್ರಣ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಲ್ಲೋದು.

"ಅಂದರೆ ನನ್ನ ಉಸಿರು ಈಗ ನಿಮ್ಮ ಹತ್ತಿರ ಇದೆ," ಅಂದ ಅವನು, ಕೋಟು ಹಾಕಿಕೊಳ್ಳುತ್ತ. ಒಂದು ಭುಜ ಮೇಲೆತ್ತಲಾಗದೆ ತೋಳು ಸಿಕ್ಕಿಹಾಕಿಕೊಂಡಿತು. ಶರತ್ಕಾಲದಲ್ಲಿ ಹಡಗಿನ ಹಗ್ಗ ಹರಿದು ಬಡಿದದ್ದಂತೆ. ಕಾಯ್ಸಾ ಎದ್ದು ಹೋಗಿ ತೋಳು ಹಿಡಿದುಕೊಂಡಳು. "ಸ್ವಲ್ಪ ಹುಷಾರಾಗಿ ಇಟ್ಕೊಳ್ಳಿ ಅದನ್ನ," ಅಂದ. ಭುಜದ ಮಾತೋ, ಉಸಿರಿನ ಮಾತೋ, ಅವಳಿಗೆ ತಿಳಿಯಲಿಲ್ಲ.

ಅವನ ಹೆಸರು ನೆಲ್ಸ್.

*

ಮತ್ತೆ ಬಂದ. ಇನ್ನೊಂದು ಕಥೆ ನೆನಪಾಯಿತು ಅಂದ. ಆಮೇಲೆ ಮತ್ತೊಂದು. ಭುಜ ಮುರಿದವನಿಗೆ ಡೆಕ್ಕಿನ ಕೆಲಸ ಯಾರು ಕೊಡುತ್ತಾರೆ? ಅವನಿಗೆ ಉಳಿದದ್ದು ಧ್ವನಿಯೊಂದೇ. ಎಂಥ ಧ್ವನಿ ಅದು! ಒಲೆಯ ಮೇಲೆ ಮರೆತುಬಿಟ್ಟ ಕೆಟಲ್ಲಿನ ಹಾಗೆ ಒಳಗೊಳಗೇ ಗುನುಗಿಕೊಂಡು, ಹಬೆಯಾಡಿಕೊಂಡು ಬರುತ್ತಿತ್ತು.

"ಇದನ್ನೆಲ್ಲ ಲೈಬ್ರರಿ ಕಪಾಟಿನಲ್ಲಿಟ್ಟು ಬೀಗ ಹಾಕೋದ್ಯಾಕೆ? ಪಾಡ್‌ಕ್ಯಾಸ್ಟ್ ಮಾಡೋಣ," ಅಂತ ಮೊದಲು ಹೇಳಿದವಳು ಕಾಯ್ಸಾ. ಅದಕ್ಕೆ 'ದಡದ ಉತ್ತರ' ಅಂತ ಹೆಸರಿಟ್ಟವನು ನೆಲ್ಸ್. ಆ ಊರಿನಲ್ಲಿ ಹಡಗು ಕಾಲುವೆಯೊಳಗೆ ಬರುವಾಗ ಮೂರು ಉದ್ದ, ಎರಡು ಗಿಡ್ಡ ಕೂಗು ಹಾಕುತ್ತದೆ. ಮೇಲೇಳುವ ಕಬ್ಬಿಣದ ಸೇತುವೆ ತಾನೂ ಹಾಗೇ ಕೂಗಿ ಉತ್ತರ ಕೊಡುತ್ತದೆ. ಮಲಗಿದ ಮಕ್ಕಳೂ ಏಳುವುದಿಲ್ಲ, ಅಷ್ಟು ರೂಢಿ. ಉತ್ತರ ಬಾರದಿದ್ದರೆ ಮಾತ್ರ ಇಡೀ ಊರು ಕಿಟಕಿಗೆ ಬರುತ್ತದೆ.

ಕಾಯ್ಸಾಳ ಹೆಸರಿನಲ್ಲಿ ಕಾರ್ಯಕ್ರಮಕ್ಕೊಂದು ಇಂಟರ್ನೆಟ್ ವಿಳಾಸವಾಯಿತು. ಆ ವಿಳಾಸ ಗೊತ್ತಿದ್ದವರು ಯಾವ ಫೋನಿನಲ್ಲಾದರೂ, ಯಾವ ಆ್ಯಪಿನಲ್ಲಾದರೂ ಕೇಳಬಹುದು. ನಡುವೆ ಬಾಗಿಲು ಕಾಯುವವರಿಲ್ಲ. ಮನಸ್ಸಿದ್ದವರು ತಿಂಗಳಿಗೆ ಕೆಲವು ಡಾಲರ್ ಹಾಕುತ್ತಿದ್ದರು. ದುಡ್ಡಿನ ಜೊತೆಗೆ ತಮ್ಮ ಸುತ್ತಲಿನ ಸದ್ದುಗಳನ್ನೂ ಕಳಿಸುತ್ತಿದ್ದರು: ಥಂಡರ್ ಬೇ ಊರಿನ ಒಬ್ಬ ವಿಧವೆಯ ಅಡುಗೆಮನೆ ಗಡಿಯಾರ, ಲಾರಿ ಓಡಿಸುವವನೊಬ್ಬನ ವೈಪರ್. ಕಾಯ್ಸಾ ಒಬ್ಬೊಬ್ಬರಿಗೂ ತಾನೇ ಉತ್ತರ ಬರೆಯುತ್ತಿದ್ದಳು. ಕೂಗಿಗೆ ಉತ್ತರ ಕೊಡದಿದ್ದರೆ ಹೇಗೆ?

ದುಡ್ಡು ಕೊಡುವವರಲ್ಲಿ ಅತ್ಯಂತ ಜೋರು ಮಾಡುತ್ತಿದ್ದವಳು ಮುಮ್ಮು, ಕಾಯ್ಸಾಳ ಅಜ್ಜಿ. ಫಿನ್‌ಲ್ಯಾಂಡಿನವರ ಮನೆಯಲ್ಲಿ ಅಜ್ಜಿಗೆ ಮುಮ್ಮು ಅಂತಲೇ ಅನ್ನೋದು. ಫೋನೆಂದರೆ ಆಗದ ಅವಳಿಗೆ ಕಾಯ್ಸಾ ಸಕ್ಕರೆ ಡಬ್ಬಿಯಷ್ಟು ದೊಡ್ಡ ರೇಡಿಯೋ ತಂದು, ಕಾರ್ಯಕ್ರಮದ ವಿಳಾಸ ಅದಕ್ಕೆ ಕಲಿಸಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಳು. ಭಾನುವಾರ ಬೆಳಿಗ್ಗೆ ಒಂದೇ ಗುಂಡಿ ಒತ್ತಿದರೆ ನೆಲ್ಸ್ ಮಾತಾಡುತ್ತಿದ್ದ. ಮುಮ್ಮು ಏಲಕ್ಕಿ ಬ್ರೆಡ್ಡು ಕಾಫಿಯಲ್ಲಿ ಅದ್ದುತ್ತ ಕೇಳಿ, ಮುಗಿದ ಮೇಲೆ ಒಂದು ನೋಟನ್ನು ಹಳೆಯ ಕಾಫಿ ಡಬ್ಬಿಗೆ ಹಾಕುತ್ತಿದ್ದಳು.

"ಮುಮ್ಮು, ನೀನು ಮನೆಯವಳು. ನೀನ್ಯಾಕೆ ಕೊಡ್ತೀಯ?" ಅಂದಳು ಕಾಯ್ಸಾ ಒಂದು ದಿನ.

"ಕಥೆ ಹೇಳಿದವನನ್ನ ಬರಿಗೈಲಿ ಕಳಿಸ್ತಾರೇನೇ? ನೀನು ಸಣ್ಣವಳಿದ್ದಾಗ ಕಥೆ ಹೇಳಿ ಒಂದು ಮುತ್ತಾದರೂ ವಸೂಲಿ ಮಾಡ್ತಿದ್ದೆ ನಾನು."

ಅಲ್ಲೇ ಮೇಜಿನ ಬಳಿ ಕೂತಿದ್ದ ನೆಲ್ಸ್ ತಕ್ಷಣ ಕೆನ್ನೆ ಮುಂದೆ ಮಾಡಿದ. "ನನಗೂ ನೋಟು ಬೇಡ ಮುಮ್ಮು. ನಿಮ್ಮನೆ ಪದ್ಧತಿಯೇ ಇರಲಿ."

"ನನ್ನದು ಹಲ್ಲಿಲ್ಲದ ಬಾಯಿ ಕಣೋ. ಪದ್ಧತಿ ನಡೆಸೋರು ಅಲ್ಲಿ ಕೂತಿದ್ದಾರೆ ನೋಡು, ಕಿವಿಗೆ ಅದೇನೋ ಬಟ್ಟಲು ಹಾಕ್ಕೊಂಡು, ಕೇಳಿಸದ ಹಾಗೆ."

ಕಾಯ್ಸಾ ಹೆಡ್‌ಫೋನ್ ಸರಿಮಾಡಿಕೊಂಡಳು. ಕೇಳಿಸಿತ್ತು.

ಆವತ್ತು ಮುಮ್ಮುವಿನ ಅಡುಗೆಮನೆಯಲ್ಲೇ ಮುದ್ರಣ. ಕೊನೆಗೆ ಎಂದಿನಂತೆ ಬೆರಳೆತ್ತಿದಳು. ಒಂದು ನಿಮಿಷ. ಗೋಡೆ ಗಡಿಯಾರ, ಒಲೆಯ ಮೇಲೆ ಕೆಟಲ್ಲು, ಕಿಟಕಿಯ ಸಂದಿನಲ್ಲಿ ಸಿಳ್ಳು ಹಾಕುವ ಗಾಳಿ. ಮುಮ್ಮು ಕೂತಲ್ಲೇ ಕಣ್ಣು ಮುಚ್ಚಿದ್ದಳು. ನೆಲ್ಸ್ ಕಣ್ಣು ಮುಚ್ಚಿರಲಿಲ್ಲ.

ಮೊದಲು ಅವನು ಅವಳ ಬೆರಳು ನೋಡಿದ. ಆಮೇಲೆ ಬೆರಳು ಒತ್ತಿದ್ದ ತುಟಿ. ಆಮೇಲೆ ಕಣ್ಣು. ಹುಬ್ಬು ಒಂದಿಷ್ಟು ಏರಿಸಿ, ಬರಲಾ ಅಂತ ಸನ್ನೆಯಲ್ಲೇ ಕೇಳಿದ. ಬೇಡ ಅಂತ ಅವಳು ಕಣ್ಣು ದೊಡ್ಡದು ಮಾಡಿದಳು. ಅವನು ಕಾಲುಚೀಲದ ಕಾಲಿನಲ್ಲಿ ಒಂದು ಹೆಜ್ಜೆ ಇಟ್ಟ. ನೆಲ ಸದ್ದು ಮಾಡಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಆಗಲೂ ಮಾಡಲಿಲ್ಲ. ನೆಲಕ್ಕೂ ಅವನ ಕಡೆಯೇ ಪಕ್ಷಪಾತ. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅವಳ ಬೆರಳನ್ನು ಅವನು ಮೆಲ್ಲಗೆ ಸರಿಸಿದ.

ನಿಮಿಷ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ.

"ಮುಗೀತಾ?" ಅಂದಳು ಮುಮ್ಮು, ಕಣ್ಣು ಮುಚ್ಚಿಕೊಂಡೇ. "ನೀರು ಕುದ್ದು ಆವಿಯಾಗಿ ಹೋಗ್ತಿದೆ ಅಂತ ಕೇಳ್ದೆ ಅಷ್ಟೆ. ನನಗೇನು ಅವಸರ ಇಲ್ಲ."

*

ಮುಂದಿನ ಚಳಿಗಾಲದ ಹೊತ್ತಿಗೆ ಶಿಕಾಗೋದ ಒಂದು ಕಂಪನಿಯಿಂದ ಕರೆ ಬಂತು. ಅವರದೊಂದು ಆ್ಯಪು. 'ದಡದ ಉತ್ತರ' ಇನ್ನು ಮುಂದೆ ಅದರಲ್ಲಿ ಮಾತ್ರ ಸಿಗಬೇಕು. ಹಳೆಯದು, ಹೊಸದು, ಎಲ್ಲ. ಬದಲಿಗೆ ನೆಲ್ಸ್‌ಗೆ ತಿಂಗಳ ಸಂಬಳ, ಶಿಕಾಗೋದಲ್ಲಿ ಸ್ಟುಡಿಯೋ, ಭುಜದ ಆಪರೇಷನ್ನಿಗೆ ವಿಮೆ.

ಭಾನುವಾರ ಅಡುಗೆಮನೆಯಲ್ಲಿ ಈ ಮಾತು ಬಂದಾಗ ಕಾಯ್ಸಾ ಬ್ರೆಡ್ಡು ಕೊಯ್ಯುತ್ತಿದ್ದಳು.

"ಮತ್ತೆ ಕೇಳುವವರು?" ಅಂದಳು.

"ಆ್ಯಪು ಹಾಕ್ಕೊಳ್ತಾರೆ. ಅದೇನು ಕಷ್ಟ?" ಅಂದ ನೆಲ್ಸ್.

"ನಮಗೆ ದುಡ್ಡು ಹಾಕ್ತಿರೋರು?"

"ಇನ್ನು ಕಂಪನಿಗೆ ಹಾಕ್ತಾರೆ. ಅವರ ಹೆಸರು, ವಿಳಾಸ ಎಲ್ಲ ಕಂಪನಿಯೇ ನೋಡ್ಕೊಳ್ಳುತ್ತೆ. ನಿನಗೆ ಒಬ್ಬೊಬ್ಬರಿಗೂ ಉತ್ತರ ಬರೆಯೋ ಕೆಲಸ ತಪ್ತು."

"ಅದು ಕೆಲಸ ಅಂತ ನಾನು ಯಾವತ್ತು ಹೇಳ್ದೆ?"

ಮುಮ್ಮು ಬಟ್ಟಲು ಕೆಳಗಿಟ್ಟು ನೆಲ್ಸ್ ಕಡೆ ತಿರುಗಿದಳು. "ಜೀವಾನ ಮೊಟ್ಟೆಯೊಳಗಿಟ್ಟು, ಆ ಮೊಟ್ಟೇನ ದೂರದ ದ್ವೀಪದಲ್ಲಿ ಬಚ್ಚಿಟ್ಟ ದೈತ್ಯ ಗೊತ್ತಲ್ಲ ನಿನಗೆ?"

"ಗೊತ್ತು ಮುಮ್ಮು. ನೀವೇ ಹೇಳಿದ್ದು. ಕೊನೆಗೆ ಯಾರೋ ಮೊಟ್ಟೆ ಹಿಸುಕ್ತಾರೆ, ಇಲ್ಲಿ ದೈತ್ಯ ಸಾಯ್ತಾನೆ."

"ಹಿಸುಕಿದವನಿಗೆ ದೈತ್ಯನ ಮೇಲೆ ಸಿಟ್ಟಿತ್ತು ಅಂತ ಎಲ್ಲರೂ ಹೇಳ್ತಾರೆ. ಸುಳ್ಳು ಕಣೋ. ಅವನಿಗೆ ಆವತ್ತು ಬೇರೇನೋ ಎತ್ಕೊಳ್ಳೋದಿತ್ತು. ಕೈ ಖಾಲಿ ಮಾಡ್ಕೊಂಡ, ಅಷ್ಟೆ."

ನೆಲ್ಸ್ ನಗಲಿಲ್ಲ. ಮುಮ್ಮುವಿನ ಮಾತಿಗೆ ಅವನು ನಗದಿದ್ದದ್ದು ಅದೇ ಮೊದಲು.

ಹೊರಗೆ ಹಿಮದಲ್ಲಿ ಕಾರಿನ ಗಾಜು ಕೆರೆಯುತ್ತ ಅವನು ಅಂದ, "ಒಂದು ಕೈಲಿ ಗಾಜು ಕೆರೀತೀನಿ ಕಾಯ್ಸಾ. ಒಂದೇ ಕೈಲಿ. ನನಗೆ ಮೂವತ್ತಾಗಿಲ್ಲ ಇನ್ನೂ. ನಿನ್ನ ಲೈಬ್ರರಿ ಸಂಬಳದಲ್ಲಿ ಕೂತು ತಿನ್ನೋ ಗಂಡಸನ್ನ ಎಷ್ಟು ದಿನ ಪ್ರೀತಿಸ್ತೀಯ?"

"ಎಷ್ಟು ದಿನ ಅಂತ ಕೇಳೋ ಗಂಡಸನ್ನ ಜಾಸ್ತಿ ದಿನ ಇಲ್ಲ."

"ನಗಿಸಬೇಡ. ನಿಜ ಹೇಳು. ನಿನಗೆ ಬೇಡ ಅಂದ್ರೆ ಬೇಡ. ವಿಳಾಸ ನಿನ್ನ ಹೆಸರಲ್ಲಿದೆ. ನೀನು ಬಿಟ್ಟುಕೊಡದೆ ಅವರಿಗೆ ಏನೂ ಸಿಗಲ್ಲ."

ಅಲ್ಲೇ ಇದ್ದದ್ದು ಕಷ್ಟ. ಬೇಡ ಅನ್ನುವ ಅಧಿಕಾರ ಅವಳ ಕೈಯಲ್ಲಿತ್ತು. ಅದನ್ನು ಬಳಸಿದರೆ ಪ್ರತಿ ಚಳಿಗಾಲವೂ ಅವನ ಆ ಭುಜವನ್ನು ನೋಡುತ್ತ ಬದುಕಬೇಕಿತ್ತು.

ಲೈಬ್ರರಿಯ ಮೇಜಿನ ಮುಂದೆ ಕೂತು ಅವಳೇ ಆ ಕೆಲಸ ಮಾಡಿದಳು. ಹಳೆಯ ವಿಳಾಸಕ್ಕೆ ಬಂದವರೆಲ್ಲ ಇನ್ನು ಕಂಪನಿಯ ಬಾಗಿಲಿಗೆ ಹೋಗಬೇಕು ಅಂತ ಬರೆಯುವುದು ಒಂದೇ ಸಾಲು. ಒಮ್ಮೆ ಕೊಟ್ಟರೆ ಹಿಂದಕ್ಕೆ ಬರುವುದಿಲ್ಲ, ಖಚಿತವೇ, ಅಂತ ಪರದೆ ಕೇಳಿತು. ಹಿಂದೆ ನಿಂತಿದ್ದ ನೆಲ್ಸ್‌ನ ಉಸಿರು ನಿಂತದ್ದು ಅವಳ ಕತ್ತಿಗೆ ಗೊತ್ತಾಯಿತು.

"ಉಸಿರಾಡಬಹುದು," ಅಂದಳು. ಗುಂಡಿ ಒತ್ತಿದಳು. ಅವನು ಬಗ್ಗಿ ಅವಳ ನೆತ್ತಿಯ ಮೇಲೆ ಗಲ್ಲವಿಟ್ಟು ಎಷ್ಟೋ ಹೊತ್ತು ಹಾಗೇ ನಿಂತ.

ಕಾರ್ಯಕ್ರಮದ ಪ್ರತಿ ಬೇರೆಲ್ಲೂ ಇರಕೂಡದು ಅಂತ ಒಪ್ಪಂದದಲ್ಲಿತ್ತು. ಬೇರೆ ಊರಿನವರಾಗಿದ್ದರೆ ಒಂದನ್ನು ಎಲ್ಲಾದರೂ ಬಚ್ಚಿಡುತ್ತಿದ್ದರೇನೋ. ಆ ದಡದ ಜನ ಹಾಗಲ್ಲ. ಮನೆಗೆ ಬೀಗ ಹಾಕದವರು, ರಸ್ತೆಬದಿ ಜೋಳ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟು ಹೋಗುವವರು. ಸಹಿ ಹಾಕಿದ ಮೇಲೆ ಹಾಕಿದ ಹಾಗೆ. ಕಾಯ್ಸಾ ಕೂತು ಒಂದೊಂದೇ ಕಥೆ ಕಳಿಸಿದಳು, ಒಂದೊಂದೇ ಅಳಿಸಿದಳು.

ಉಳಿದದ್ದು ಒಂದೇ: ಕೋಣೆಗಳ ಮೌನ. ಅದನ್ನು ಯಾರೂ ಕೇಳಿರಲಿಲ್ಲ.

*

ಮೊದಮೊದಲು ನೆಲ್ಸ್ ದಿನಾ ಫೋನ್ ಮಾಡುತ್ತಿದ್ದ. "ನೀನೂ ಬಾ," ಅನ್ನುತ್ತಿದ್ದ. "ಮುಮ್ಮುನ ಏನು ಮಾಡ್ಲಿ?" ಅಂದರೆ, "ಸ್ವಲ್ಪ ತಡಿ, ದೊಡ್ಡ ಮನೆ ಹಿಡೀತೀನಿ, ಇಬ್ಬರೂ ಬನ್ನಿ," ಅನ್ನುತ್ತಿದ್ದ. ಆಪರೇಷನ್ ಆಯಿತು. ಎರಡೂ ಕೈ ಮೇಲೆತ್ತಿದ ಫೋಟೋ ಕಳಿಸಿದ. ಅದನ್ನು ಕಾಯ್ಸಾ ಎಷ್ಟು ಸಲ ನೋಡಿದಳೋ.

ಮುಮ್ಮುವಿನ ರೇಡಿಯೋ ಮಾತ್ರ ಮೊದಲ ಭಾನುವಾರವೇ ಮೂಕವಾಗಿತ್ತು. ಅದಕ್ಕೆ ಗೊತ್ತಿದ್ದದ್ದು ಹಳೆಯ ವಿಳಾಸ. ಅಲ್ಲಿಂದ ಕಳಿಸಿದ ಕಂಪನಿಯ ಬಾಗಿಲು ಅದಕ್ಕೆ ತೆರೆಯಲಿಲ್ಲ. ಮುಮ್ಮು ಗುಂಡಿ ಒತ್ತಿ, ಬ್ರೆಡ್ಡು ಅದ್ದಿ, ಕಾದಳು. ಕಾಫಿಯಲ್ಲಿ ಬ್ರೆಡ್ಡು ಕರಗಿಹೋಯಿತು.

ಕಾಯ್ಸಾ ಫೋನಿನಲ್ಲಿ ಆ್ಯಪು ಹಾಕಿ ಕೊಟ್ಟಳು. ಅದು ಅಜ್ಜಿಯ ಇಮೇಲ್ ಕೇಳಿತು, ಗುಪ್ತಪದ ಕೇಳಿತು, ಹುಟ್ಟಿದ ದಿನ ಕೇಳಿತು.

"ಕಥೆ ಕೇಳೋಕೆ ನನ್ನ ಹುಟ್ಟಿದ ದಿನ ಯಾಕಂತೆ? ಕೇಕು ಕಳಿಸ್ತಾರಂತಾ?"

"ಬರಿ ಒಂದು ಸಲ ಮುಮ್ಮು."

"ನನ್ನ ಅಡುಗೆಮನೆಗೆ ಬರೋನು ಅವನು. ಬಾಗಿಲಲ್ಲಿ ನಿಂತು ನನ್ನನ್ನೇ ನೀನ್ಯಾರು ಅಂತ ಕೇಳೋನು ಯಾರೇ ಇವನು?" ಮುಮ್ಮು ಫೋನನ್ನು ಸತ್ತ ಮೀನಿನ ಹಾಗೆ ಎರಡು ಬೆರಳಲ್ಲಿ ಎತ್ತಿ ವಾಪಸು ಕೊಟ್ಟಳು.

ಕಾಯ್ಸಾ ಒಬ್ಬಳೇ ಕೇಳಿದಳು. ನೆಲ್ಸ್ ಅದೇ ನೆಲ್ಸ್, ಆದರೆ ಅವನು ಉಸಿರಾಡುತ್ತಿರಲಿಲ್ಲ. ಮಾತು ಮುಗಿಯುವ ಮುನ್ನ ಮಾತು ಹತ್ತುತ್ತಿತ್ತು. ಅಲ್ಲಿಯ ಯಂತ್ರವೊಂದು ಎಲ್ಲ ಮೌನವನ್ನೂ ತಾನೇ ಹುಡುಕಿ ಕತ್ತರಿಸುತ್ತದಂತೆ. ಹಾಗೆ ಮಾಡಿದರೆ ಜನ ಬೇಸರವಾಗಿ ಎದ್ದು ಹೋಗುವುದಿಲ್ಲವಂತೆ. "ಚೆನ್ನಾಗಿದೆ ಅಲ್ವಾ?" ಅಂತ ಅವನು ಫೋನಿನಲ್ಲಿ ಕೇಳಿದ. "ಹೂಂ," ಅಂದಳು. ಪ್ರೀತಿಸಿದವರಿಗೆ ಹೇಳುವ ಸುಳ್ಳು ಎಷ್ಟು ಚಿಕ್ಕದಾಗಿರುತ್ತದೆ! ಒಂದಕ್ಷರ ಸಾಕು.

ಬೇಸಿಗೆಯಲ್ಲಿ ಕಂಪನಿ ಅವನದೊಂದು ಸಂದರ್ಶನ ಹಾಕಿತು. ಕಾಯ್ಸಾ ಸರೋವರದ ದಡದಲ್ಲಿ ನಡೆಯುತ್ತ ಕೇಳುತ್ತಿದ್ದಳು. ಕಾರ್ಯಕ್ರಮ ಹೇಗೆ ಶುರುವಾಯಿತು ಅಂತ ಕೇಳಿದಳು ಯಾರೋ ಹುಡುಗಿ, ನಗುನಗುತ್ತ.

"ಹಡಗಿನ ಕಥೆಗಳನ್ನ ನಾನೇ ಹೇಳ್ಕೊಳ್ತಾ ಇದ್ದೆ," ಅಂದ ನೆಲ್ಸ್. "ಸದ್ದು ನೋಡ್ಕೊಳ್ಳೋಕೆ ಊರಲ್ಲಿ ಒಬ್ಬಳು ಇದ್ದಳು."

ಕಾಯ್ಸಾ ನಿಂತಳು. ಸಂದರ್ಶನವನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಯಂತ್ರ ಏನಾದರೂ ಕತ್ತರಿಸಿರಬೇಕು, ನಡುವೆ ತನ್ನ ಹೆಸರಿದ್ದಿರಬೇಕು ಅಂತ ಕಿವಿಯಿಟ್ಟು ಹುಡುಕಿದಳು. ಅವಳ ಕಿವಿಗೆ ತೇಪೆ ಎಲ್ಲಿದ್ದರೂ ಸಿಗುತ್ತದೆ. ಅಲ್ಲಿ ತೇಪೆ ಇರಲಿಲ್ಲ. ಅವನು ಅಷ್ಟೇ ಹೇಳಿದ್ದ.

ಆ ದಿನ ಅವನ ಫೋನ್ ಬಂದಾಗ ಅವಳು ಎತ್ತಲಿಲ್ಲ. ಮಾರನೆಯ ದಿನವೂ. ಆಮೇಲೆ ಅವನೂ ಕಡಿಮೆ ಮಾಡಿದ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು.

*

ಸರೋವರ ಮತ್ತೆ ಹೆಪ್ಪುಗಟ್ಟುವ ಹೊತ್ತಿಗೆ ಕಂಪನಿಗೆ ಕಥೆಗಳು ಬೇಡವಾದವು. ಆಟೋಟದ ಹರಟೆಗೆ ಜನ ಜಾಸ್ತಿಯಂತೆ. ಯಾರ ಮೇಲೂ ಸಿಟ್ಟಿರಲಿಲ್ಲ, ಕೈ ಖಾಲಿ ಮಾಡಿಕೊಂಡರು. ಒಂದು ಬೆಳಿಗ್ಗೆ ಆ್ಯಪು ತೆಗೆದರೆ 'ದಡದ ಉತ್ತರ' ಇದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ. ಹಳೆಯ ಕಥೆಗಳೂ ಇಲ್ಲ, ಹೊಸವೂ ಇಲ್ಲ. ಹಳೆಯ ವಿಳಾಸ ಈಗಲೂ ಜನರನ್ನು ಆ ಬಾಗಿಲಿಗೇ ಕಳಿಸುತ್ತಿತ್ತು. ಬಾಗಿಲ ಹಿಂದೆ ಮನೆಯೇ ಇರಲಿಲ್ಲ.

ಥಂಡರ್ ಬೇ ವಿಧವೆಗೆ ಹೇಳೋಣವೆಂದರೆ ಅವಳ ಹೆಸರು ಕಾಯ್ಸಾಗೆ ಪೂರ್ತಿ ನೆನಪಿಲ್ಲ. ನೆನಪಿದ್ದದ್ದು ಅವಳ ಗಡಿಯಾರದ ಸದ್ದು. ಸದ್ದಿನ ವಿಳಾಸಕ್ಕೆ ಕಾಗದ ಹಾಕುವುದು ಹೇಗೆ?

ಮಾರ್ಚ್ ಕೊನೆಗೆ, ಮಂಜುಗಡ್ಡೆ ಒಡೆದು ಮೊದಲ ಹಡಗು ಹೊರಡುವ ದಿನ, ಊರೆಲ್ಲ ಕಾಲುವೆಯ ದಂಡೆಯ ಮೇಲೆ ಸೇರುತ್ತದೆ. ಕಾಯ್ಸಾ ಮುಮ್ಮುವನ್ನು ಕಂಬಳಿಯಲ್ಲಿ ಸುತ್ತಿ ಬೆಂಚಿನ ಮೇಲೆ ಕೂರಿಸಿ, ಮೈಕಿಗೆ ಉಣ್ಣೆಯ ಟೋಪಿ ಹಾಕುತ್ತಿದ್ದಳು.

"ಅಗೋ," ಅಂದಳು ಮುಮ್ಮು. "ಮೊಟ್ಟೆ ಕಳ್ಕೊಂಡವನು."

ನೆಲ್ಸ್ ಜನರ ನಡುವಿನಿಂದ ಬಂದ. ಎರಡೂ ಭುಜ ಸಮನಾಗಿದ್ದವು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬಗ್ಗಿ ಮುಮ್ಮುವಿನ ಮುಂದೆ ಕೆನ್ನೆಯಿಟ್ಟ. ಅವಳು ಮುತ್ತು ಕೊಡಲಿಲ್ಲ, ಹೊಡೆಯಲೂ ಇಲ್ಲ. ಕೈಗವಸು ತೆಗೆದು ಕೆನ್ನೆ ಮುಟ್ಟಿ, "ತೆಳ್ಳಗಾಗಿದ್ದೀಯ," ಅಂದಳು. "ಅಲ್ಲಿ ಬ್ರೆಡ್ಡು ಸಿಗಲ್ವಾ?"

ಕಾಯ್ಸಾಳ ಪಕ್ಕ ಬಂದು ನಿಂತ. ಇಬ್ಬರೂ ನೀರು ನೋಡಿದರು. ಒಡೆದ ಮಂಜು ಗಾಜಿನ ಬಳೆಗಳ ಹಾಗೆ ಕಿಣಿಕಿಣಿ ಅನ್ನುತ್ತಿತ್ತು.

"ಆ ಹಡಗಲ್ಲೇ ಹೋಗ್ತಿದ್ದೀನಿ," ಅಂದ. "ಅಡುಗೆಯವನ ಕೈಕೆಳಗೆ. ಈ ಸಲ ಸೂಪಿನ ಪಾತ್ರೆ ಹಾರಿದರೆ ತಲೆ ನನ್ನದೇ."

ಅವಳ ತುಟಿ ನಗಲು ಹೊರಟಿತು, ಅರ್ಧದಲ್ಲಿ ನಿಂತಿತು.

"ನೀನು ಬೇರೆ ಕಡೆ ಹೇಳಬಹುದಿತ್ತು. ಹೊಸದಾಗಿ."

"ಆ ಕಥೆಗಳು ಅವರವು. ಈ ಧ್ವನಿಯಲ್ಲಿ ಹೇಳೋ ಹಾಗಿಲ್ಲ ಅಂತ ಸಹಿ ಹಾಕಿದ್ದೀನಿ. ಅವರು ಹಾಕೋದೂ ಇಲ್ಲ, ಬಿಡೋದೂ ಇಲ್ಲ." ಕಾಲಿನಿಂದ ಮಂಜಿನ ಚೂರೊಂದನ್ನು ನೀರಿಗೆ ತಳ್ಳಿದ. "ಕಾಯ್ಸಾ, ಆ ಸಂದರ್ಶನ..."

"ಕೇಳಿದೆ."

"ನಿನ್ನ ಹೆಸರು ಹೇಳಬೇಡ ಅಂತ ಯಾರೂ ಹೇಳಿರಲಿಲ್ಲ. ಅದೇ ನನ್ನನ್ನ ತಿನ್ನೋದು. ಯಾರಾದರೂ ಹೇಳಿದ್ದರೆ ಅವರ ಮೇಲೆ ಹಾಕಬಹುದಿತ್ತು. ಆ ಹುಡುಗಿ ನನ್ನನ್ನ ದೊಡ್ಡವನ ಹಾಗೆ ನೋಡ್ತಿದ್ದಳು. ನನಗೆ ಆ ಕ್ಷಣ ಒಬ್ಬನೇ ದೊಡ್ಡವನಾಗಬೇಕು ಅನ್ನಿಸ್ತು. ಅಷ್ಟೇ." ಅವನು ಅವಳ ಕಡೆ ತಿರುಗಿದ. "ನಿನ್ನ ಬಿಟ್ಟು ಬೇರೆ ಯಾರನ್ನೂ ಪ್ರೀತಿಸಿಲ್ಲ ನಾನು. ಇನ್ನೊಂದು ಸಲ... ಆಗಲ್ವಾ?"

ಕಾಯ್ಸಾ ಅವನನ್ನು ನೋಡಿದಳು. ಕಿವಿಯ ತುದಿ ಕೆಂಪಾಗಿತ್ತು, ಮೊದಲ ದಿನದ ಹಾಗೇ. ಆ ಕಿವಿಯನ್ನು ಎರಡು ಅಂಗೈಯೊಳಗೆ ಬೆಚ್ಚಗೆ ಹಿಡಿಯಬೇಕು ಅಂತ ಅವಳ ಕೈಗಳು ಎಷ್ಟು ಹಂಬಲಿಸಿದವು ಅನ್ನುವುದು ಅವಳಿಗೊಬ್ಬಳಿಗೇ ಗೊತ್ತು.

"ಕತ್ತರಿಸಿದ ಜಾಗಕ್ಕೆ ಮೌನ ಹಚ್ಚಿದರೆ ಕೇಳುವವರಿಗೆ ಗೊತ್ತಾಗಲ್ಲ ನೆಲ್ಸ್," ಅಂದಳು. "ಚೆನ್ನಾಗೇ ಇರುತ್ತೆ. ಮುಮ್ಮುಗೂ ಗೊತ್ತಾಗಲ್ಲ. ಆದರೆ ಎಲ್ಲಿ ಕತ್ತರಿಸಿದೆ ಅಂತ ನಿನಗೆ ಗೊತ್ತಿರುತ್ತೆ. ನನಗೂ ಕೇಳಿಸುತ್ತೆ, ಪ್ರತಿ ಸಲ. ನನ್ನ ಕಿವಿ ಹಾಗಿದೆ, ಏನು ಮಾಡ್ಲಿ? ನಿನ್ನನ್ನ ಪ್ರೀತಿಸೋದೂ ಆ ಕಿವಿಯಿಂದಲೇ ಶುರುವಾದದ್ದು."

ಹಡಗಿನಿಂದ ಯಾರೋ ಅವನ ಹೆಸರು ಕೂಗಿದರು. ಅವನು ಅಲ್ಲಾಡಲಿಲ್ಲ.

"ಏನು ಮುದ್ರಿಸ್ತಿದ್ದೀಯ?" ಅಂದ, ಮೈಕು ನೋಡಿ.

"ಹೊಸ ವಿಳಾಸ ಮಾಡಿದ್ದೀನಿ. ನನ್ನದೇ. ಯಾರಿಗೂ ಕೊಡಲ್ಲ. ಹಳೆ ಮೌನಗಳೆಲ್ಲ ನನ್ನ ಹತ್ತಿರ ಉಳಿದಿದ್ದವಲ್ಲ, ಭಾನುವಾರಕ್ಕೊಂದು ಹಾಕ್ತೀನಿ. ಮೊದಲನೆಯದು ಮುಮ್ಮು ಅಡುಗೆಮನೆದು. ಕಿಟಕಿಯ ರೇಡಿಯೋದಲ್ಲಿ ಬಂತು."

ಬೆಂಚಿನಿಂದ ಮುಮ್ಮು ಬಾಯಿ ಹಾಕಿದಳು, "ಅದರಲ್ಲಿ ಯಾರೋ ಮುತ್ತು ಕೊಡೋದು ಕೇಳಿಸುತ್ತೆ. ಕೆಟಲ್ಲು ಅಂತಾಳೆ ಇವಳು."

ನೆಲ್ಸ್ ಮುಖ ಆ ಕಡೆ ತಿರುಗಿಸಿಕೊಂಡ. ಮತ್ತೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಕೈ ಜೇಬಿನಲ್ಲಿತ್ತು. ಮಡಿಸಿದ ಒಂದು ನೋಟು ತೆಗೆದು, ಮುಮ್ಮು ಮನೆಯಿಂದ ತಂದು ತೊಡೆಯ ಮೇಲಿಟ್ಟುಕೊಂಡಿದ್ದ ಹಳೆಯ ಕಾಫಿ ಡಬ್ಬಿಗೆ ಹಾಕಿದ.

"ಅದರಲ್ಲಿ ಕಥೆ ಇಲ್ಲ ಕಣೋ," ಅಂದಳು ಕಾಯ್ಸಾ. "ಬರಿ ಮೌನ. ಯಾಕೆ ದುಡ್ಡು?"

"ಹೇಳೋ ಹಕ್ಕು ಕಳ್ಕೊಂಡೆ. ಕೇಳೋ ಹಕ್ಕಾದರೂ ಇರಲಿ. ಹಡಗಲ್ಲಿ ಸಿಗ್ನಲ್ ಸಿಕ್ಕಿದ ಕಡೆ ಕೇಳ್ತೀನಿ."

ಕೈ ಚಾಚಿ, ಅವಳ ಬೆರಳನ್ನು ಹಿಡಿದು, ಮೆಲ್ಲಗೆ ಎತ್ತಿ ಅವಳ ತುಟಿಯ ಮೇಲೆ ತಾನೇ ಇಟ್ಟ. ಹಿಂದೆ ಸರಿಸಿದ್ದ ಬೆರಳನ್ನು ಮತ್ತೆ ಅದೇ ಜಾಗಕ್ಕೆ ಇಟ್ಟಹಾಗೆ. ಆಮೇಲೆ ತಿರುಗಿ ನಡೆದ.

ಸೇತುವೆ ಮೇಲೆದ್ದಿತು. ಹಡಗು ಮಂಜು ಸರಿಸುತ್ತ ಕಾಲುವೆಗೆ ಬಂತು. ಮೂರು ಉದ್ದ, ಎರಡು ಗಿಡ್ಡ. ಎದೆಯೊಳಗಿನ ಮೂಳೆಗಳೂ ನಡುಗುವಂಥ ಕೂಗು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸೇತುವೆ ಉತ್ತರ ಕೊಟ್ಟಿತು. ಹಡಗಿನ ಹಿಂಭಾಗದಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡ ಒಬ್ಬ ಎರಡೂ ಕೈ ಎತ್ತಿ ನಿಂತಿದ್ದ. ಎರಡೂ ಪೂರ್ತಿ ಮೇಲಕ್ಕೆ ಹೋಗಿದ್ದವು. ಕಾಯ್ಸಾಗೆ ಅದೊಂದು ಸಮಾಧಾನ.

ಹಡಗು ಚುಕ್ಕೆಯಾಯಿತು. ಜನ ಕಾಫಿ ಅಂಗಡಿಗಳ ಕಡೆ ಚದುರಿದರು.

"ಹೋಗೋಣ್ವಾ ಬಂಗಾರಿ?" ಅಂದಳು ಮುಮ್ಮು.

ಕಾಯ್ಸಾ ತುಟಿಯ ಮೇಲಿನ ಬೆರಳು ತೆಗೆಯದೆ, ತಡಿ ಅಂತ ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದಳು. ಕೂಗು, ಉತ್ತರ ಎರಡೂ ಆದ ಮೇಲೆ ಈ ದಡದ ಮೌನ ಬೇಕಿತ್ತು. ಕೆಂಪು ದೀಪ ಉರಿಯುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಸದ್ದು ಮಾಡುವುದಿಲ್ಲ, ಇಳಿಯಲಿ. ಬಿಕ್ಕಿದರೆ ಮಾತ್ರ ಮುದ್ರಣ ಕೆಡುತ್ತದೆ, ಮುಂದೆ ಎಲ್ಲೋ ನೀರಿನ ನಡುವೆ ಒಬ್ಬನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಅದನ್ನು ಕೇಳಿಬಿಡುತ್ತಾನೆ.

ಒಂದೇ ನಿಮಿಷ, ಅಂತ ತನಗೆ ತಾನೇ ಹೇಳಿಕೊಂಡಳು. ಉಸಿರಾಡಬಹುದು.